ಏನೂ ಆಗಲ್ಲ ಅನ್ನಬಾರದ ಮನೆ

ಕೋಕಿಲಾ ಮೇಡಂ ಮಹಾ ಧೈರ್ಯಸ್ಥೆ ಎಂದು ಕೃಷ್ಣಸ್ವಾಮಿಯವರು ಬಹಳ ಕಾಲ ನಂಬಿದ್ದರು. ನಂಬಿ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅವರು ಕಾಲನಿಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ನಂಬಿದ್ದನ್ನೆಲ್ಲ ಮೈಕಿನಲ್ಲಿ ಹೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ರಾಜ್ಯೋತ್ಸವದ ದಿನ ರಾಮಮೂರ್ತಿ ನಗರದ ಆ ಪುಟ್ಟ ಕಾಲನಿಯ ಶಾಮಿಯಾನದಡಿ ಮೇಡಂಗೆ ಶಾಲು ಹೊದಿಸಿ, "ತಮ್ಮ ಕಾರನ್ನು ತಾವೇ ಬಿಚ್ಚಿ ಜೋಡಿಸುವ, ಭಯವೆಂಬ ಪದವನ್ನೇ ಅರಿಯದ ಮಹಿಳೆ" ಎಂದು ಅರ್ಧ ಗಂಟೆ ಮಾತಾಡಿದ್ದರು. ಮೇಡಂ ತಲೆ ತಗ್ಗಿಸಿಕೊಂಡೇ ಕೂತಿದ್ದರು. ಅದನ್ನು ಕಾರ್ಯದರ್ಶಿಗಳು ವಿನಯ ಎಂದುಕೊಂಡರು. ಶಾಮಿಯಾನದ ಕಂಬ ಸರಿಯಾಗಿ ನೆಟ್ಟಿದ್ದಾರೋ ಇಲ್ಲವೋ ಎಂದು ಮೇಡಂ ಕಂಬದ ಬುಡ ನೋಡುತ್ತಿದ್ದರೆಂಬುದು ಗೊತ್ತಾಗುವುದಕ್ಕೆ ಒಂದು ಭಾನುವಾರ ಬರಬೇಕಾಯಿತು.

ಆ ಭಾನುವಾರ ಮಧ್ಯಾಹ್ನ ಕೃಷ್ಣಸ್ವಾಮಿಯವರು ನೀರಿನ ಟ್ಯಾಂಕರಿನ ವಿಷಯ ಮಾತಾಡಲು ಅವರ ಮನೆಗೆ ಹೋದರು. ಗೇಟಿನೊಳಗೆ ಹಳೆಯ ಕಾರು ಮೂತಿ ಎತ್ತಿಕೊಂಡು ನಿಂತಿತ್ತು. ಮುಂದಿನ ಚಕ್ರಗಳಿರಲಿಲ್ಲ.

"ಒಳ್ಳೆ ಹೊತ್ತಿಗೆ ಬಂದ್ರಿ ಸಾರ್. ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀರಾ?" ಎಂದರು ಮೇಡಂ.

ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಅಧಿಕಾರಿಯಾಗಿ ನಿವೃತ್ತರಾದ ಕೃಷ್ಣಸ್ವಾಮಿಯವರಿಗೆ ಎದೆ ಉಬ್ಬಿತು. "ಸೂಪರ್ವಿಷನ್ ತಾನೇ? ಅದಕ್ಕೇನಂತೆ."

"ಸೂಪರ್ವಿಷನ್ ಅಲ್ಲ. ಕಾರು ನನ್ನ ಮೇಲೆ ಬಿದ್ರೆ ಆಂಬುಲೆನ್ಸಿಗೆ ಫೋನ್ ಮಾಡೋಕೆ ಒಬ್ರು ಬೇಕು. ನಿಮ್ಮ ಫೋನಲ್ಲಿ ಚಾರ್ಜ್ ಇದ್ಯಾ?"

ಕಾರ್ಯದರ್ಶಿಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೆಲ್ಲಗೆ ಕೂತರು.

ವರಾಂಡದಲ್ಲಿ ಮೇಡಂ ಅವರ ಮಗಳು ವಿಭಾ ಕಾಲು ಚಾಚಿ ಕೂತಿದ್ದಳು. ಹೆರಿಗೆಗೆ ಬಂದವಳು, ತುಂಬಿದ ಬಸುರಿ. ಮರುದಿನ ಬೆಳಿಗ್ಗೆ ಹಲಸೂರಿನ ಆಸ್ಪತ್ರೆಗೆ ಸೇರಿಸಬೇಕಿತ್ತು. ಹಿಂದಿನ ಸಲ ತೋರಿಸಿಕೊಂಡು ಬರುವಾಗ ಟಿನ್ ಫ್ಯಾಕ್ಟರಿ ಹತ್ತಿರದ ಪ್ರತಿಯೊಂದು ಹೊಂಡಕ್ಕೂ ಕಾರು ದಡ್ ಎಂದು ಕುಟ್ಟಿ, ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಮೇಲಿಂದ ಬ್ರೇಕು ಬೇರೆ ಕಿರ್ರೆನ್ನುತ್ತಿತ್ತು. ಅಂದೇ ಮೇಡಂ ಶಿವಾಜಿನಗರಕ್ಕೆ ಹೋಗಿ, ಬಿಡಿಭಾಗದಂಗಡಿಯ ಸನಾವುಲ್ಲಾ ಅವರ ತಲೆ ತಿಂದು, ಹೊಸ ಶಾಕ್ ಅಬ್ಸಾರ್ಬರು, ಬ್ರೇಕ್ ಪ್ಯಾಡು ತಂದಿದ್ದರು.

"ಕ್ಯಾಬ್ ಬುಕ್ ಮಾಡೋಣ ಅಂದ್ರೆ ಕೇಳಲ್ಲ ಅಂಕಲ್," ಎಂದಳು ವಿಭಾ.

"ಕ್ಯಾಬಿನೋನ ಬ್ರೇಕು ನೀನು ನೋಡಿದ್ಯೇನೇ?" ಎಂದಿತು ಕಾರಿನಡಿಯ ದನಿ.

ಮೇಡಂ ನೌಕರಿ ಮಾಡಿದ್ದು ವಿಮಾ ಕಚೇರಿಯಲ್ಲಿ, ವಾಹನ ಅಪಘಾತದ ವಿಭಾಗದಲ್ಲಿ. ಕೆಲಸಕ್ಕೆ ಸೇರಿದಾಗ ಬಿ.ಕಾಂ. ಓದಿದ ಸಾಧಾರಣ ಹುಡುಗಿ. ನಿವೃತ್ತಿಯ ಹೊತ್ತಿಗೆ ಜಗತ್ತಿನ ಯಾವ ಚಕ್ರ ಯಾವಾಗ ಕಳಚಿ ಬೀಳುತ್ತದೆಂದು ಕಾಯುವ ಹೆಂಗಸು. ಅಷ್ಟೂ ವರ್ಷ ಓದಿದ ಹೇಳಿಕೆಗಳಲ್ಲಿ ಎಲ್ಲ ಚಾಲಕರೂ ಹೇಳಿದ್ದು ಒಂದೇ ಮಾತು: ಏನೂ ಆಗಲ್ಲ ಅಂದ್ಕೊಂಡಿದ್ದೆ. ಹೀಗಾಗಿ ಆ ಮಾತು ಆಡಿದ ಮೆಕ್ಯಾನಿಕ್ಕುಗಳನ್ನೆಲ್ಲ ಬಿಡುತ್ತ ಬಂದರು. ಕೊನೆಗೆ ಯಾರೂ ಉಳಿಯಲಿಲ್ಲ. ಗಂಡ ತೀರಿಕೊಂಡ ಮೇಲೆ ತಾವೇ ಸ್ಪ್ಯಾನರು ಹಿಡಿದರು. ಕಾರನ್ನು ಜ್ಯಾಕಿನಲ್ಲೆತ್ತಿ, ಅಡಿಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಅದೂ ಮುರಿದರೆ ಇರಲೆಂದು ಬಿಚ್ಚಿದ ಚಕ್ರಗಳನ್ನು ಒಳಕ್ಕೆ ಹಾಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಆಮೇಲೆ ಕೈ ಹಾಕುವ ಮುನ್ನ ಒಮ್ಮೆ ದೇವರಿಗೆ ಕೈ ಮುಗಿಯುತ್ತಿದ್ದರು. ಈಗ ಅವರು ಕಾರಿನಡಿ ಮಲಗಿದ್ದುದು ಕೃಷ್ಣಸ್ವಾಮಿಯವರು ಹೊದಿಸಿದ ಶಾಲಿನ ಮೇಲೇ. ಶಾಲು ಕಪ್ಪಾಗಿ ಗ್ರೀಸು ಮೆತ್ತಿಕೊಂಡಿತ್ತು.

ಬೋಲ್ಟು ಬಿಗಿಯುವುದು, ಹೊರಬಂದು ಉಸಿರು ತೆಗೆದುಕೊಳ್ಳುವುದು, ಬಿಗಿದೆನೋ ಇಲ್ಲವೋ ಎಂದು ಮತ್ತೆ ನುಸುಳುವುದು. ಕಾರಿನಡಿಯಿಂದ ಚಾಚಿಕೊಂಡಿದ್ದ ಎರಡು ಪಾದಗಳು ಸ್ವಲ್ಪ ಹೊತ್ತು ಅಲ್ಲಾಡದಿದ್ದರೆ ಕೃಷ್ಣಸ್ವಾಮಿಯವರ ಹೆಬ್ಬೆರಳು ಫೋನಿನ ಮೇಲೆ ಹೋಗಿ ಕೂರುತ್ತಿತ್ತು.

"ಮೇಡಂ, ಇದೀರಾ?"

"ಇದೀನಿ. ಹೀಗೇ ಆಗಾಗ ಕೇಳ್ತಾ ಇರಿ."

ಭಯ ಅಂಟುರೋಗ. ಸಂಜೆಯ ಹೊತ್ತಿಗೆ ಅದು ಕಾರ್ಯದರ್ಶಿಗಳಿಗೂ ಚೆನ್ನಾಗಿಯೇ ಹತ್ತಿಕೊಂಡಿತ್ತು. ಅವರು ಅದನ್ನು ತಮಗೆ ಒಪ್ಪುವ ರೀತಿಯಲ್ಲಿ ಹೊರಹಾಕಿದರು. "ಮೇಡಂ, ನಾಲ್ಕೂಕಾಲಾಯ್ತು. ನಾಲ್ಕೂವರೆಗೆ ರಾಹುಕಾಲ ಶುರು."

ಚಕ್ರದ ಕೊನೆಯ ನಟ್ಟು ಬಿಗಿಯುತ್ತಿದ್ದ ಮೇಡಂ ಅವರ ಮುಖ ಬಿಳಿಚಿಕೊಂಡಿತು. ಬ್ರೇಕಿಗೆ ಹೆದರುವವರು ರಾಹುವಿಗೆ ಹೆದರಬಾರದೆಂದೇನಿಲ್ಲ. ಬಿಚ್ಚಿ ಜೋಡಿಸಿದ ಗಾಡಿ ರಾಹುಕಾಲದಲ್ಲಿ ಮೊದಲು ಕದಲಿ, ನಾಳೆ ಅದರಲ್ಲಿ ಬಸುರಿ ಮಗಳು ಕೂರುವುದೆಂದರೆ! ಜ್ಯಾಕು ಇಳಿಯಿತು, ಕಲ್ಲುಗಳು ಸರಿದವು, ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಬಂದವು. ಮೇಡಂ ಕೈ ಒರೆಸಿಕೊಳ್ಳದೆಯೇ ಸ್ಟೇರಿಂಗ್ ಹಿಡಿದರು.

ಅವರ ಗೇಟಿನಿಂದ ರಸ್ತೆಗೆ ಸಿಮೆಂಟಿನ ಇಳಿಜಾರು. ಕಾಲನಿಯಲ್ಲಿ ಯಾರದೇ ಗಾಡಿ ಹೊರಡಲಿ, ಮುಂದೆ ನಿಂತು ಕೈ ತೋರಿಸುವುದು ಕಾರ್ಯದರ್ಶಿಗಳ ಹಕ್ಕು. ಅವರು ಪಂಚೆ ಎತ್ತಿ ಕಟ್ಟಿ, ಎದುರು ಮನೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತರು.

"ಬನ್ನಿ, ಬನ್ನಿ. ನಾನಿದೀನಲ್ಲ. ಏನೂ ಆಗಲ್ಲ."

ಆ ಮಾತು ಕೇಳಿ ಮೇಡಂ ಅವರ ಕೈ ಒಂದು ಕ್ಷಣ ನಿಂತಿತು. ಆದರೆ ಗಡಿಯಾರ ನಿಲ್ಲಲಿಲ್ಲ. ಅವರು ಹ್ಯಾಂಡ್ ಬ್ರೇಕು ಇಳಿಸಿದರು.

ನಿಂಬೆಹಣ್ಣುಗಳು ಪಚಕ್ಕೆಂದವು. ಕಾರು ಇಳಿಯಿತು. ಕೃಷ್ಣಸ್ವಾಮಿಯವರು ಎಂದಿನ ಗತ್ತಿನಲ್ಲಿ ಅಂಗೈ ಎತ್ತಿ "ಸ್ಟಾಪ್" ಎಂದರು. ಕಾರು ಬಂತು. ಇನ್ನೊಂದು ಅಂಗೈಯನ್ನೂ ಎತ್ತಿದರು. ಆಗಲೂ ಬಂತು. ಗಾಜಿನ ಹಿಂದೆ ಮೇಡಂ ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಕಾಲಡಿ ಏನನ್ನೋ ತುಳಿಯುತ್ತಿರುವಂತೆ ಭುಜ ಮಾತ್ರ ಮೇಲೆ ಕೆಳಗೆ ಕುಲುಕುತ್ತಿತ್ತು. ಕೃಷ್ಣಸ್ವಾಮಿಯವರು ಹಿಂದೆ ಸರಿದರು. ಬೆನ್ನಿಗೆ ಗೋಡೆ ತಗುಲಿತು. ಪಕ್ಕಕ್ಕೆ ಹಾರಬೇಕೆಂದು ತಲೆಗೆ ಹೊಳೆಯಿತು, ಕಾಲಿಗೆ ಹೊಳೆಯಲಿಲ್ಲ. ಸಂಘ, ಮೈಕು, ಹೆಂಡತಿ ಬೃಂದಾ ಒಲೆಯ ಮೇಲಿಟ್ಟಿದ್ದ ಕಾಫಿ, ಎಲ್ಲವೂ ಬಲು ದೂರ ಹೋದವು.

ಕರ್ರೆಂದು ಹ್ಯಾಂಡ್ ಬ್ರೇಕು ಅರಚಿತು. ಬಂಪರು ಅವರ ಮೊಣಕಾಲಿಗೆ ತಾಕಿ, ಒಂದು ಸಲ ಮುಂದಕ್ಕೆ ಬಾಗಿ, ನಿಂತಿತು.

ವರಾಂಡದಿಂದ ವಿಭಾ "ಅಮ್ಮಾ" ಎಂದಳು, ಮೆಲ್ಲಗೆ.

ಮೇಡಂ ಕೆಳಗಿಳಿದು ಸಿಮೆಂಟಿನ ಮೇಲೇ ಕುಸಿದು ಕೂತರು. "ಪೆಡಲ್ ಒತ್ತೋದು ಮರೆತೆ. ಹೊಸ ಪ್ಯಾಡು ದಪ್ಪ ಸಾರ್. ಅದು ಕೂರ್ಲಿ ಅಂತ ಒಳಗಿನ ಪಿಸ್ಟನ್ನು ಹಿಂದಕ್ಕೆ ತಳ್ಳಿದ್ದೆ. ಗಾಡಿ ಕದಲೋ ಮುಂಚೆ ಪೆಡಲ್ ಒತ್ತಿ ಒತ್ತಿ ಅದನ್ನ ಮುಂದಕ್ಕೆ ತರ್ಬೇಕು. ಇಲ್ದಿದ್ರೆ ಮೊದಲ ಸಲಕ್ಕೆ ಬ್ರೇಕೇ ಇರಲ್ಲ." ಗ್ರೀಸು ಕೈಯಲ್ಲೇ ಮುಖ ಮುಚ್ಚಿಕೊಂಡರು. "ನಾಳೆ ಇವಳು ಕೂತಿರ್ತಿದ್ಲು."

ಅಷ್ಟರಲ್ಲಿ ರಾಹುಕಾಲ ಬಂದೇ ಬಿಟ್ಟಿತ್ತು. ಮೇಡಂ ಎದ್ದರು. ಕಾರಿನಲ್ಲಿ ಕೂತು, ಪೆಡಲು ಕಲ್ಲಿನಂತೆ ಗಟ್ಟಿಯಾಗುವವರೆಗೆ ಒತ್ತಿದರು. ಆಮೇಲೆ, ಜನ್ಮದಲ್ಲಿ ಮೊದಲ ಬಾರಿ, ರಾಹುಕಾಲದಲ್ಲೇ ಕಾರು ಓಡಿಸಿದರು. ಖಾಲಿ ರಸ್ತೆಯಲ್ಲಿ ಹತ್ತಡಿಗೊಮ್ಮೆ ಬ್ರೇಕು ಹಾಕುತ್ತ, ಹಂಪುಗಳ ಮೇಲೆ ಹತ್ತಿಸಿ ಇಳಿಸುತ್ತ, ಬೇವಿನ ಮರದವರೆಗೆ ಹೋಗಿ ಬಂದು ಮತ್ತೆ ಹೋದರು. ಕುಟ್ಟುವ ಸದ್ದಿರಲಿಲ್ಲ. ಕಾರು ಹೇಳಿದಲ್ಲಿ ನಿಂತಿತು. ಕೊನೆಗೆ ಗೇಟಿನ ಬಳಿ ನಿಲ್ಲಿಸಿ, "ಬೆಳಿಗ್ಗೆ ಇದ್ರಲ್ಲೇ ಹೋಗೋಣ ಕಣೇ. ಹೊರಡೋ ಮುಂಚೆ ಇನ್ನೊಂದ್ಸಲ ನೋಡ್ತೀನಿ," ಎಂದರು ಮಗಳಿಗೆ.

ಕೃಷ್ಣಸ್ವಾಮಿಯವರು ಈ ಬಾರಿ ಕಾಂಪೌಂಡಿನ ಒಳಗಡೆ, ತುಳಸಿಕಟ್ಟೆಯ ಹಿಂದೆ ನಿಂತಿದ್ದರು. ವಿಭಾ ಕೊಟ್ಟ ನೀರು ಕುಡಿದು ಜೀವ ಬಂದ ಮೇಲೆ, ಅವರೊಳಗಿನ ಕಾರ್ಯದರ್ಶಿಯೂ ನಿಧಾನಕ್ಕೆ ಎದ್ದು ಕೂತ.

"ಅಲ್ಲ ಮೇಡಂ, ನಾನು ಸ್ಟಾಪ್ ಅಂತ ಕೈ ತೋರಿಸಿದ್ದು ನಿಮಗೆ ಸರಿಯಾಗಿ ಕಾಣಿಸ್ತು ತಾನೇ?"

"ನಂಗೆ ಕಾಣಿಸ್ತು ಸಾರ್," ಎಂದರು ಮೇಡಂ. "ಬ್ರೇಕಿಗೆ ಕಾಣಿಸಲಿಲ್ಲ."