ಮಂಜಿನಲ್ಲಿ ಭಗಣ

ವಿಶಾಖಪಟ್ಟಣದಲ್ಲಿ ಹಡಗಿನ ಅಧಿಕಾರಿಯಾಗಲು ಎದುರಿಸಬೇಕಾದ ಮೌಖಿಕ ಪರೀಕ್ಷೆಯಲ್ಲಿ ನಾನು ಎರಡು ಸಲ ಫೇಲಾಗಿದ್ದೆ. ಎರಡೂ ಸಲ ಒಂದೇ ಪ್ರಶ್ನೆಯಲ್ಲಿ: ಮಂಜು ಕವಿದಾಗ ಯಾವ ಹಡಗು ಹೇಗೆ ಸೀಟಿ ಊದಬೇಕು? ಸಾಗುತ್ತಿರುವ ಹಡಗಿಗೆ ಒಂದು ಉದ್ದ ಸೀಟಿ, ಎಂಜಿನ್ ನಿಲ್ಲಿಸಿ ತೇಲುತ್ತಿದ್ದರೆ ಎರಡು ಉದ್ದ, ಮೀನು ಹಿಡಿಯುತ್ತಿದ್ದರೆ ಒಂದು ಉದ್ದ, ಎರಡು ಗಿಡ್ಡ. ಪರೀಕ್ಷಕರೆದುರು ಕೂತರೆ ನನ್ನ ತಲೆಯೊಳಗೇ ಮಂಜು. ಡೈರಿಯಲ್ಲಿ ಲೆಕ್ಕವಿದೆ: ರೂಮಿನಲ್ಲಿ ಹೇಳಿಕೊಂಡದ್ದು ನಲವತ್ತು ಸಲ, ಸರಿಯಾದದ್ದು ಹದಿನೇಳು. ಮೂರನೆಯ ಸಲವೂ ಹೋದರೆ ಜನವರಿಯಲ್ಲಿ ಸಿಗಲಿದ್ದ ಹಡಗು ಬೇರೆಯವರ ಪಾಲು.

ಪರೀಕ್ಷೆಗೆ ನಾಲ್ಕು ದಿನವಿರುವಾಗ, ಶನಿವಾರ, ವಿಜಯವಾಡಕ್ಕೆ ಹೋದೆ. ಅಕ್ಕ ಅಲ್ಲಿನ ಬ್ಯಾಂಕಿಗೆ ವರ್ಗವಾಗಿ ಬಂದಿದ್ದಳು. ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸಲ ಉದ್ದಕ್ಕೆ ಕೂಗಿ, ಎರಡು ಸಲ ಕುಯ್ ಕುಯ್ ಎಂದಿತು.

"ಅಕ್ಕಾ, ನಿನ್ನ ಕುಕ್ಕರ್ ಮೀನು ಹಿಡೀತಿದೆ!"

"ಬರೀ ತೊಗರಿಬೇಳೆ ಕಣೇ. ಏನಾಗಿದೆ ನಿಂಗೆ?"

ವಿವರಿಸಿದೆ. ಅವಳು ಸೌಟು ಹಿಡಿದೇ ನಕ್ಕಳು. "ಗುರು, ಲಘು, ಲಘು. ಭಗಣ ಅಲ್ವೇನೇ ಮಂಕೇ! ಹೈಸ್ಕೂಲಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿಸೋವಾಗ ಏನ್ ಮಾಡ್ತಿದ್ದೆ?"

ಅಂದು ಸಂಜೆಯೊಳಗೆ ಮಂಜಿನ ಸೀಟಿಗಳಿಗೆಲ್ಲ ಗುರು ಲಘು ಹಾಕಿದೆವು. ಅಕ್ಕ ಸೌಟಿನಲ್ಲಿ ತಾಳ ಹಾಕುತ್ತ ಕೇಳಿದ್ದು ಮೂವತ್ತು, ತಪ್ಪು ಎರಡು. ಎರಡೂ ನಕ್ಕು ಉಸಿರು ಸಾಲದೆ.

ಬುಧವಾರ ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು: ಮಂಜಿನಲ್ಲಿ ಮೀನು ಹಿಡಿಯುವ ದೋಣಿ?

"ಭಗಣ, ಸರ್!"

ಬಾಯಿಂದ ಜಾರಿಯೇ ಹೋಯಿತು. ಹಡಗೂ ಹೋಯಿತು ಅಂದುಕೊಂಡೆ. ಅವರು ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು. ತೆಲುಗು ಶಾಲೆಗಳಲ್ಲೂ ಅದೇ ಗಣಗಳನ್ನು ಕಲಿಸುತ್ತಾರೆಂದು ನನಗೇನು ಗೊತ್ತು?

"ಭಗಣಮಾ!" ಎಂದು ಮೇಜು ಕುಟ್ಟಿ ನಕ್ಕರು. "ಸರೇ ಅಮ್ಮಾ, ಜಗಣಂ ಎವರಿದಿ?"

ಜಗಣ ಯಾರದು? ಲಘು, ಗುರು, ಲಘು. ಅಕ್ಕನ ಸೌಟು ಕಣ್ಣ ಮುಂದೆ ಮೇಲೆ ಕೆಳಗೆ ಆಡಿತು. "ಲಂಗರು ಹಾಕಿದ ಹಡಗಿನದು ಸರ್. ಹತ್ತಿರ ಬರುವವರಿಗೆ ಎಚ್ಚರಿಕೆ," ಎಂದೆ ಇಂಗ್ಲಿಷಿನಲ್ಲಿ.

ಅವರು ನಗುತ್ತಲೇ ಸಹಿ ಹಾಕಿದರು.

ಮೆಟ್ಟಿಲಿಳಿಯುತ್ತ ಅಕ್ಕನಿಗೆ ಫೋನ್ ಮಾಡಿ, ಮಾತಾಡದೆ, ಐದು ಸೆಕೆಂಡು ಒಂದೇ ಉಸಿರಿನಲ್ಲಿ ಬಾಯಲ್ಲೇ ಸೀಟಿ ಊದಿದೆ. ಕಾವಲುಗಾರ ತಿರುಗಿ ನೋಡಿದ.

ಒಂದು ಗುರು. ಹಡಗು ಸಾಗುತ್ತಿದೆ.

"ಪಾಸಾದ್ಯಾ!" ಎಂದು ಬ್ಯಾಂಕಿನಲ್ಲೇ ಕಿರುಚಿದಳು ಅಕ್ಕ.