ಮುಚ್ಚಳದ ಒಳಗಿನ ಹನಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಎದುರಿಗೇ ನಕ್ಕುಬಿಡುತ್ತಿದ್ದೆ. ಮಲ್ಲಂದೂರಿನ ಎಸ್ಟೇಟೊಂದರಲ್ಲಿ ರೈಟರ್ ನಾನು. ಆಳುಗಳ ಹಾಜರಿ, ಕಾಫಿಯ ತೂಕ, ಹೀಗೆ ಕಣ್ಣಿಗೆ ಕಂಡದ್ದನ್ನಷ್ಟೇ ಬರೆದು ರೂಢಿ. ಇದನ್ನೂ ಕಂಡ ಹಾಗೆಯೇ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆರು ವರ್ಷದ ಹಿಂದಿನ ಮಾತು. ನನ್ನ ತಮ್ಮ ನಾಗೇಶ ಕಳಸದ ಹತ್ತಿರ ಭದ್ರಾ ಹೊಳೆ ದಾಟುವಾಗ ಕೊಚ್ಚಿಹೋಗಿ ಎಂಟು ತಿಂಗಳಾಗಿತ್ತು. ಹೆಣ ಸಿಕ್ಕಿರಲಿಲ್ಲ. ಅಮ್ಮ ದಿನಾ ನಾಲ್ಕು ಗಂಟೆಗೆ ಅವನ ಲೋಟಕ್ಕೆ ಕಾಫಿ ಬಗ್ಗಿಸಿ, ಮೇಲೊಂದು ತಟ್ಟೆ ಮುಚ್ಚಿಡುತ್ತಿದ್ದಳು. ತೋಟದಿಂದ ತಡವಾಗಿ ಬರುವವರಿಗೆ ನಮ್ಮ ಮನೆಯಲ್ಲಿ ಹಾಗೇ ಇಡುವುದು. "ಅವ್ನು ಬರೋ ಹೊತ್ತಿಗೆ ಆರೋಗ್ಬಾರ್ದಲ್ಲ" ಎನ್ನುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ದರ್ಭೆಯ ಗೊಂಬೆ ಮಾಡಿ ಸುಟ್ಟು ಅವನ ಕರ್ಮ ಮುಗಿಸಿಬಿಡೋಣವೆಂದು ನಾನೇ ಹಟ ಹಿಡಿದು ದಿನ ಗೊತ್ತುಮಾಡಿದೆ.

ಹಿಂದಿನ ದಿನ ದರ್ಭೆ, ಎಳ್ಳು ತರಲು ಚಿಕ್ಕಮಗಳೂರಿಗೆ ಹೊರಟಾಗ ಎಸ್ಟೇಟಿನ ಗೌಡರು ಒಂದು ಆಮಂತ್ರಣ ಪತ್ರ ಕೊಟ್ಟರು. ಮ್ಯೂಸಿಯಮ್ಮಿನಲ್ಲಿ ಜಪಾನಿನ ಕಲಾಪ್ರದರ್ಶನ, ಮಧ್ಯಾಹ್ನ ಉಪನ್ಯಾಸ. "ನಮ್ ಕಾಫಿ ಅಲ್ಲಿಗೂ ಹೋಗ್ತದೆ ಮಾರಾಯ್ರೆ. ನನ್ ಬದ್ಲು ನೀವೊಂದ್ ಗಳಿಗೆ ಕೂತು ಬನ್ನಿ" ಎಂದರು.

ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಆಗ ನನಗೆ ಎಲ್ಲಿ ಕೂತರೂ ಒಂದೇ. ಅಳುವೂ ಬರುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಮೈಸೂರಿನಿಂದ ಬಂದಿದ್ದ ಮೇಡಂ ಚಿತ್ರಗಳನ್ನು ವಿವರಿಸಿ, ಕೊನೆಗೆ ಮುಚ್ಚಳವಿದ್ದ ಕಪ್ಪು ಮೆರುಗಿನ ಮರದ ಬಟ್ಟಲೊಂದನ್ನು ತೋರಿಸಿದರು. ದೂರದೂರಿಗೆ ಹೋದವರ ಹೆಸರಿನಲ್ಲಿ ಜಪಾನಿನ ಮನೆಗಳಲ್ಲಿ ಹಿಂದೆ ದಿನಾ ಊಟ ಬಡಿಸಿಡುತ್ತಿದ್ದರಂತೆ. ಮುಚ್ಚಳ ತೆಗೆದಾಗ ಒಳಗೆ ಹನಿ ಕಟ್ಟಿದ್ದರೆ ಹೋದವರು ಕ್ಷೇಮ ಎಂದು ನಂಬಿಕೆ. ದರ್ಭೆಯ ಕಟ್ಟು ನನ್ನ ತೊಡೆಯ ಮೇಲೇ ಇತ್ತು.

ಮುಟ್ಟಿ ನೋಡಲೆಂದು ಬಟ್ಟಲು ಕೈಯಿಂದ ಕೈಗೆ ಬಂತು. ಪಕ್ಕದವರು ತೆರೆದದ್ದನ್ನು ನಾನೇ ಕಂಡೆ, ಖಾಲಿ, ಒಣಗಿತ್ತು. ಅವರು ಮುಚ್ಚಿ ನನಗೆ ಕೊಟ್ಟರು. ನಾನು ತೆರೆದೆ. ಮುಚ್ಚಳದ ಒಳಗೆಲ್ಲ ಹನಿ. ಒಂದು ಉರುಳಿ ನನ್ನ ಹೆಬ್ಬೆರಳಿನ ಮೇಲೆ ಬಿತ್ತು. ಬೆಚ್ಚಗಿತ್ತು.

"ಅಯ್ಯೋ, ಇದಕ್ಕೆ ಬಿಸಿನೀರು ಹಾಕಿದ್ದು ಯಾರು?" ಎಂದು ಮೇಡಂ ಗಾಬರಿಯಾಗಿ ಬಂದು ಒರೆಸಿದರು. ಬಟ್ಟಲಿನ ತಳದಲ್ಲಿ ಒಂದು ತೊಟ್ಟೂ ಇರಲಿಲ್ಲ.

ನಾನು ಮನೆಗೆ ಬಂದು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಮ್ಮ ಆ ಗೊಂಬೆಗೆ ಬೆಂಕಿ ಇಡಲು ಬಿಡುತ್ತಿರಲಿಲ್ಲ. ಮರುದಿನ ಇಟ್ಟೆ. ಸಂಜೆ ಅಮ್ಮ ಎರಡೇ ಲೋಟಕ್ಕೆ ಕಾಫಿ ಬಗ್ಗಿಸಿದಳು. ಅವನ ಲೋಟವನ್ನು ತೊಳೆದು ಬೋರಲು ಹಾಕಿದ್ದಳು.

ನನ್ನ ಕೈಯ ಬೆವರಿರಬಹುದೇ, ಅಷ್ಟು ಜನರ ಉಸಿರಿರಬಹುದೇ, ಎಲ್ಲ ಯೋಚಿಸಿದ್ದೇನೆ. ಒಂದೂ ಹೊಂದುವುದಿಲ್ಲ. ನಾಗೇಶನೂ ಇವತ್ತಿನವರೆಗೆ ಬಂದಿಲ್ಲ.

ಅಮ್ಮ ಹಿತ್ತಲಿಗೆ ಹೋದಾಗ ಈಗ ಅವನ ಲೋಟಕ್ಕೆ ಕಾಫಿ ಬಗ್ಗಿಸಿ ಮುಚ್ಚಿಡುವವನು ನಾನು. ಬಿಸಿ ಕಾಫಿಗೆ ತಟ್ಟೆ ಮುಚ್ಚಿದರೆ ಹನಿ ಕಟ್ಟೇ ಕಟ್ಟುತ್ತದೆ, ಅದಕ್ಕೇನೂ ಅರ್ಥವಿಲ್ಲ ಎಂದು ಗೊತ್ತು. ಆದರೂ ದಿನಾ ಎತ್ತಿ ನೋಡುತ್ತೇನೆ.