ಗಿರಿಯಮ್ಮನ ಸೀರೆ ಮುಗಿದ ಮೇಲೆ

ಕೊಡಿಗೇನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿ ಪಕ್ಕದ ಸಂದಿಯಲ್ಲಿ ಈಶ್ವರಮ್ಮನ ಪುಟ್ಟ ಮನೆ. ಬಾಗಿಲ ಬಳಿಯೇ ಹೊಲಿಗೆ ಮಿಷನ್ನು. ಸೀರೆಗೆ ಫಾಲ್ ಹಾಕುವುದು, ರವಿಕೆ ಬಿಗಿ ಮಾಡಿಕೊಡುವುದು, ಹರಿದ ಚೀಲಕ್ಕೆ ಹೊಲಿಗೆ ಹಾಕುವುದು ಅವಳ ದಿನದ ಕೆಲಸ. ಆದರೆ ಅವಳ ಗಂಡನ ಮನೆಯವರು ಯಾವ ಯಾವ ದೇಶದಲ್ಲಿದ್ದಾರೋ ಅಲ್ಲೆಲ್ಲ ಅವಳು ಬೇರೆಯೇ ಒಂದು ಕೆಲಸಕ್ಕೆ ಹೆಸರಾಗಿದ್ದಳು. ಮನೆತನದ ಮಗು ಮಸ್ಕತ್ತಿನಲ್ಲಿ ಹುಟ್ಟಲಿ, ನ್ಯೂಜಿಲೆಂಡಿನಲ್ಲಿ ಹುಟ್ಟಲಿ, ಅದಕ್ಕೆ ಯಾರು ಏನು ಕೊಡಬೇಕು, ಅದು ಯಾರ ಕೈಲಿ ಹೋಗಬೇಕು ಅನ್ನುವುದೆಲ್ಲ ಈಶ್ವರಮ್ಮ ಹೇಳಿದಂತೆ.

ಈ ಕೆಲಸ ಅವಳಿಗೆ ಬಂದದ್ದು ಒಂದು ಎಡವಟ್ಟಿನಿಂದ. ನಾದಿನಿಯ ಮೊಮ್ಮಗ ಕುವೈತಿನಲ್ಲಿ ಹುಟ್ಟಿದಾಗ ಒಬ್ಬರಿಗೊಬ್ಬರು ಹೇಳದೆ ಮೂರು ಮನೆಯವರು ಮೂರು ಬೆಳ್ಳಿ ಉಡಿದಾರ ಕಳಿಸಿಬಿಟ್ಟಿದ್ದರು. ಕೈಗೆ ಕಟ್ಟೋಣ ಅಂದರೆ ಒಂದು ಕರಿಮಣಿ ಇಲ್ಲ, ತಲೆಗೆ ಒಂದು ಕುಲಾವಿ ಇಲ್ಲ.

"ಕೂಸಿಗೆ ಇರೋದು ಒಂದೇ ಸೊಂಟ ಕಣ್ರಪ್ಪಾ, ಮೂರು ಉಡಿದಾರ ಎಲ್ಲಿಗೆ ಕಟ್ತೀರಿ?" ಅಂತ ಈಶ್ವರಮ್ಮ ಫೋನಿನಲ್ಲಿ ಕೇಳಿದಳು. ಎಲ್ಲರೂ ನಕ್ಕರು. ನಕ್ಕವರೇ ಮುಂದಿನ ಸಲದಿಂದ ಅವಳನ್ನು ಕೇಳದೆ ಏನೂ ಕೊಳ್ಳದಾದರು.

ಯಾರು ಫೋನು ಮಾಡಿದರೂ ಅವಳ ಮೊದಲ ಮಾತು, "ನೀನು ಮಗೀಗೆ ಏನಾಗ್ಬೇಕು?" ಸೋದರಮಾವನಾದರೆ ಉಡಿದಾರ. ಅತ್ತೆಯಾದರೆ ಕರಿಬಳೆ, ಕಾಲಿಗೆ ಗೆಜ್ಜೆ. ಚಿಕ್ಕಮ್ಮನಾದರೆ ಬಟ್ಟೆಬರೆ. ಕುಲಾವಿಯನ್ನು ಮಾತ್ರ ತಾನೇ ಹೊಲಿಯುತ್ತಿದ್ದಳು. ಬಜೆಬೇರು ಕೆಲವು ದೇಶಕ್ಕೆ ಹೋಗುತ್ತದೆ, ನ್ಯೂಜಿಲೆಂಡಿಗೆ ಹೋಗುವುದಿಲ್ಲ. ಅಲ್ಲಿ ವಿಮಾನ ಇಳಿಯುತ್ತಲೇ ಬೇರು, ಬೀಜ ಎಲ್ಲ ತೆಗೆದಿಟ್ಟುಬಿಡುತ್ತಾರೆ. ಅದನ್ನೂ ಅವಳು ಒಂದು ಸಲ ಕಳೆದುಕೊಂಡೇ ಕಲಿತಳು. ಗಂಟು ಸಿದ್ಧವಾದ ಮೇಲೆ ಆ ಕಡೆಗೆ ಹೊರಟವರು ಯಾರಾದರೂ ಸಿಗಬೇಕಲ್ಲ. ಮಧುಗಿರಿಯ ಬಳೆ ಅಂಗಡಿಯಲ್ಲಿ, ಹಿಂದೂಪುರದ ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅವಳ ಕಿವಿ ಅದಕ್ಕೇ ಕಾಯುತ್ತಿತ್ತು. ಯಾರೋ ಯಾರಿಗೋ, ನಮ್ಮ ಹುಡುಗ ರಜೆ ಮುಗಿಸಿ ವಾಪಸ್ ಹೊರಟ ಅಂದರೆ ಸಾಕು, ಎಲೆ ಬಿಟ್ಟು ಎದ್ದು ಹೋಗಿ ಯಾವ ದೇಶಕ್ಕೆ ಅಂತ ಕೇಳುವಳು.

ಇಷ್ಟೆಲ್ಲದರಲ್ಲೂ ಗಂಟಿನಲ್ಲಿ ಹೆಚ್ಚಿನದು ಬೆಳ್ಳಿಯಲ್ಲ, ಒಂದು ಹಳೇ ಸೀರೆಯ ತುಂಡು. ಆ ಮನೆತನದಲ್ಲಿ ಹುಟ್ಟಿದ ಕೂಸಿನ ಮೈಗೆ ಮೊದಲು ಹೊಸ ಬಟ್ಟೆ ತಾಕಿಸುವ ಹಾಗಿಲ್ಲ. ಮಕ್ಕಳನ್ನು ಹೆತ್ತು, ಎಲ್ಲವನ್ನೂ ಉಳಿಸಿಕೊಂಡ ಹೆಂಗಸು ಉಟ್ಟು ಸವೆಸಿದ ಸೀರೆಯಲ್ಲಿ ಸುತ್ತಬೇಕು. ಈಶ್ವರಮ್ಮನ ಅತ್ತೆ ಗಿರಿಯಮ್ಮ ಎಂಟು ಹೆತ್ತವಳು, ಒಂದನ್ನೂ ಮಣ್ಣಿಗೆ ಕೊಟ್ಟವಳಲ್ಲ. ಕೊನೆಗಾಲದಲ್ಲಿ ತನ್ನ ಚೌಕಳಿ ಸೀರೆಯನ್ನು ಹಿರಿಸೊಸೆಯ ಕೈಗಿಟ್ಟು, "ಮನೆ ಕೂಸುಗಳಿಗೆಲ್ಲ ಒಂದೊಂದು ತುಂಡು ಹರ್ದು ಕೊಡು" ಅಂದಿದ್ದಳು. ಹಿರಿಸೊಸೆ ಈಶ್ವರಮ್ಮನಿಗೆ ಮಕ್ಕಳಾಗಲಿಲ್ಲ. ಅತ್ತೆ ಹೋದ ಸ್ವಲ್ಪ ಕಾಲಕ್ಕೆ ಗಂಡನೂ ಹೋದ. ಸೀರೆ ಉಳಿಯಿತು.

ಸೀರೆ ಕೊಟ್ಟವಳಿಗೆ ಕೂಸಿನ ಮುಖವನ್ನು ಮೊದಲು ತೋರಿಸಬೇಕು ಅನ್ನುವುದೂ ಅಲ್ಲಿಯ ಪದ್ಧತಿ. ಗಿರಿಯಮ್ಮ ಇಲ್ಲದ್ದರಿಂದ ಅದು ಈಶ್ವರಮ್ಮನ ಪಾಲಿಗೆ ಬಂದಿತ್ತು. ಆಸ್ಪತ್ರೆಯ ಮಂಚದಿಂದಲೇ ವಿಡಿಯೋ ಕಾಲು ಮಾಡಿ, ಬೇರೆ ಯಾರಿಗೂ ತೋರಿಸುವ ಮುಂಚೆ ಅವಳಿಗೆ ತೋರಿಸುವರು. ಚೌಕಳಿ ಬಟ್ಟೆಯೊಳಗೆ ಕೆಂಪಗೆ ಮುದುಡಿದ ಮುಖ. ಅವಳು ಮಿಷನ್ನಿನ ಮುಂದೆ ಕೂತು, "ಬಂದ್ಯಾ ನನ್ನಪ್ಪಾ, ಬಂದ್ಯಾ" ಅನ್ನುವಳು. ಆಮೇಲೆ ಬೇರೆಯವರಿಗೆ ತೋರಿಸಬೇಕೆಂದು ಫೋನು ಇಡುವರು.

ಇನ್ನೊಂದು ಕೂಸು ಹೊಟ್ಟೆಯಲ್ಲಿ ಮೂಡುವ ತನಕ ಅವಳಿಗೆ ಯಾರೂ ಫೋನು ಮಾಡುತ್ತಿರಲಿಲ್ಲ. ಅವಳೂ ಯಾರನ್ನೂ ದೂರುತ್ತಿರಲಿಲ್ಲ. ಅವರಿಗೂ ದುಡಿಮೆ ಇದೆ, ನಮ್ಮ ಹಗಲು ಅವರಿಗೆ ರಾತ್ರಿ. ಆದರೆ ಕೈಗೆ ಅವಳ ಮನಸ್ಸು ಗೊತ್ತಿತ್ತು. ಮೊದಮೊದಲ ಕೂಸುಗಳಿಗೆ ಧಾರಾಳವಾಗಿ ಹರಿದು ಕೊಟ್ಟವಳು ಬರಬರುತ್ತಾ ತುಂಡು ಸಣ್ಣದು ಮಾಡುತ್ತಾ ಬಂದಳು. ಕಡೆಗೆ ಸುತ್ತಲು ಸಾಲದೆ ಎದೆಯ ಮೇಲೆ ಹೊದಿಸುವಷ್ಟೇ ಆಯಿತು. ಎಷ್ಟು ಉಳಿಸಿದರೂ ಒಂದು ಸೀರೆ ಎಷ್ಟು ದಿನ ಬಂದೀತು. ಕೊನೆಯ ತುಂಡು ನ್ಯೂಜಿಲೆಂಡಿಗೆ ಹೋಯಿತು.

ಆಮೇಲೆ ಸ್ಪಂದನಾಳ ಫೋನು ಬಂತು. ಸ್ಪಂದನಾ ಶಿರಾದಲ್ಲಿರುವ ಮೈದುನನ ಮಗಳು, ಐರ್ಲೆಂಡಿನಲ್ಲಿ ನರ್ಸು. ಬಸುರಿ, ಏಳು ತಿಂಗಳು ತುಂಬಿತ್ತು.

"ದೊಡ್ಡಮ್ಮಾ, ನಂಗೆ ಅಜ್ಜಿ ಸೀರೆ ಇಟ್ಟಿದ್ದೀರಾ?"

"ಮುಗ್ದೋಯ್ತು ಕಣವ್ವ. ಅಂಚು ಕೂಡ ಉಳೀಲಿಲ್ಲ."

"ಅಯ್ಯೋ." ಆ ಕಡೆ ಬಾಗಿಲು ಹಾಕಿದ ಸದ್ದು, ಬೀಗದ ಕೈ ಗಲಗಲ. ಡ್ಯೂಟಿಗೆ ಹೊರಟಿದ್ದಳು. "ಅದಕ್ಕೇನು ಬಿಡಿ ದೊಡ್ಡಮ್ಮ, ನಿಮ್ಮದೇ ಒಂದು ಹಳೇ ಸೀರೆ ಕಳಿಸಿ. ಚಿಕ್ಕೋಳಿದ್ದಾಗ ನಾನು ನಿಮ್ಮ ಸೆರಗು ಹಿಡ್ಕೊಂಡೇ ಮಲಗ್ತಿದ್ನಂತಲ್ಲ."

"ನಂದಾ?"

"ಹೂಂ, ನಿಮ್ದೇ. ಅಮ್ಮ ಬರುವಾಗ ತರ್ತಾಳೆ. ಇಡ್ಲಾ? ಬಸ್ಸು ಬಂತು."

ಈಶ್ವರಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ರವಿಕೆ ಕೇಳಲು ಬಂದವಳಿಗೆ ನಾಳೆ ಬಾ ಅಂದಳು. ಮಕ್ಕಳಿಲ್ಲದವಳ ಸೀರೆ ಅನ್ನುವುದು ಹುಡುಗಿಗೆ ಹೊಳೆದೇ ಇಲ್ಲವೋ, ಹೊಳೆದೂ ಬೇಡ ಅಂದುಕೊಂಡಳೋ. ಎರಡರಲ್ಲಿ ಯಾವುದಾದರೂ ಆಗಲಿ, ಕೇಳಿದ್ದಂತೂ ನಿಜ. ಟ್ರಂಕಿನಿಂದ ತೆಳುನೀಲಿ ಹತ್ತಿ ಸೀರೆ ತೆಗೆದಳು. ಉಟ್ಟೂ ಉಟ್ಟೂ ಬೆಣ್ಣೆಯ ಹಾಗಾಗಿತ್ತು. ಅಂಟುವಾಳದ ನೊರೆಯಲ್ಲಿ ನೆನೆಸಿ, ಕುದಿನೀರಲ್ಲಿ ಅದ್ದಿ, ಬಿಸಿಲಿಗೆ ಹಾಕಿದಳು. ಈ ಸಲ ಕೈ ಬಿಗಿಹಿಡಿಯಲಿಲ್ಲ. ಕೂಸನ್ನು ಎರಡು ಸುತ್ತು ಸುತ್ತುವಷ್ಟು ಹರಿದಳು. ಮಿಷನ್ನಿನ ಹೊಲಿಗೆ ಒರಟಾದೀತೆಂದು ಅಂಚನ್ನು ಕೈಯಲ್ಲೇ ಮಡಚಿ ಹೊಲಿದಳು. ಗೊಬ್ಬರದ ಅಂಗಡಿಯವನು, "ಏನಮ್ಮೋ ಇವತ್ತು ಪದ ಹೇಳ್ಕಂಡು ಹೊಲೀತಿದ್ದೀಯ?" ಅಂತ ಕೇಳಿದಾಗಲೇ ತಾನು ಗುನುಗುತ್ತಿದ್ದದ್ದು ಅವಳಿಗೆ ತಿಳಿದದ್ದು.

ಬಾಣಂತನ ಮಾಡಲು ಮಗಳ ಬಳಿ ಹೊರಟಿದ್ದ ಸ್ಪಂದನಾಳ ಅಮ್ಮ ರಾಜಲಕ್ಷ್ಮಮ್ಮ ಗಂಟು ತೆಗೆದುಕೊಳ್ಳಲು ಶಿರಾದಿಂದ ತಾನೇ ಬಂದಳು. ವಾರಗಿತ್ತಿಯರಿಬ್ಬರೂ ಚಾಪೆ ಹಾಸಿ ಸಾಮಾನು ಹರಡಿಕೊಂಡರು.

"ಇದು ಚೇತನ್‌ದು," ಅಂತ ಈಶ್ವರಮ್ಮ ಉಡಿದಾರ ಎತ್ತಿ ತೋರಿಸಿದಳು. ಚೇತನ್ ಸ್ಪಂದನಾಳ ಅಣ್ಣ, ಮಸ್ಕತ್ತಿನಲ್ಲಿ ಕ್ರೇನು ಓಡಿಸುತ್ತಾನೆ. "ಮಸ್ಕತ್ತಿನಿಂದ ಫೋನ್ನಾಗೇ ಹಟ ಹಿಡ್ದ, ಗೆಜ್ಜೆ ಇರೋದೇ ಬೇಕು ಅಂತ. ಮಧುಗಿರೀಲಿ ಮೂರು ಅಂಗಡಿ ತಿರುಗಿಸ್ದ ನನ್ನ."

"ಅವ್ನು ಅವ್ರಪ್ಪನಂಗೇಯ. ಒಂದು ಹಿಡಿದ್ರೆ ಬುಡಾಕಿಲ್ಲ." ರಾಜಲಕ್ಷ್ಮಮ್ಮ ಕರಿಬಳೆ ನೋಡಿದಳು, ಕುಲಾವಿಯನ್ನು ಮುಷ್ಟಿಗೆ ತೊಡಿಸಿ ನೋಡಿ ನಕ್ಕಳು. ಆಮೇಲೆ ನೀಲಿ ಬಟ್ಟೆ ಕೈಗೆ ಬಂತು. "ಇದ್ಯಾರ್ದಕ್ಕ?"

"ನಂದೇಯ. ಸ್ಪಂದನ ಕೇಳಿದ್ಲು."

ರಾಜಲಕ್ಷ್ಮಮ್ಮ ಬಟ್ಟೆಯನ್ನು ತಿರುಗಿಸಿ ನೋಡಿದಳು. "ಹೊಲಿಗೆ ಎಷ್ಟು ಸಣ್ಣಕೆ ಹಾಕಿದ್ದೀಯ," ಅಂದಳು. ಚೊಂಬು ಎತ್ತಿ ನೀರು ಕುಡಿದಳು. "ಅಲ್ಲಿ ಬಿಸಿಲೇ ಇರಾಕಿಲ್ವಂತೆ ಕಣಕ್ಕ, ಬಟ್ಟೆ ಹೆಂಗೆ ಒಣಗಿಸ್ತಾರೋ." ಮತ್ತೆ ನೀರು ಕುಡಿದಳು. "ಅಕ್ಕಾ, ನೀನು ಬೇಜಾರು ಮಾಡ್ಕಬ್ಯಾಡ. ಆ ಹುಡುಗಿಗೇನು ಗೊತ್ತಾಗ್ತದೆ. ಅವ್ಳ ಅತ್ತೆ ಒಂಥರಾ ಹೆಂಗ್ಸು. ಸೀರೆ ಯಾರ್ದು ಅಂತ ಕೇಳೇ ಕೇಳ್ತಾಳೆ. ನಾಳೆ ಮಗೀಗೆ ಒಂದು ಕೆಮ್ಮು ಬಂದ್ರೂವೆ..."

"ರಾಜಲಕ್ಷ್ಮೀ."

"ನಾನಲ್ಲಕ್ಕಾ ಹೇಳ್ತಿರೋದು. ನಂಗೇನೂ ಇಲ್ಲ."

"ಹೇಳಾಕೆ ನಿಂಗೆ ಇಷ್ಟು ಕಷ್ಟ ಆಗ್ತೈತೆ. ಬುಡು, ತಿಳೀತು." ಈಶ್ವರಮ್ಮ ಬಟ್ಟೆಯನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

ಮಕ್ಕಳಿಲ್ಲದವಳ ಸೀರೆ ಕೂಸಿಗೆ ಆಗದು ಅನ್ನುವ ಮಾತನ್ನು ಈಶ್ವರಮ್ಮ ನಂಬುತ್ತಿದ್ದಳೋ ಇಲ್ಲವೋ, ಅವಳಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಆದರೆ ಆ ಚಳಿ ದೇಶದಲ್ಲಿ ಕೂಸಿಗೆ ಜ್ವರ ಬಂತು ಅಂತ ಸುದ್ದಿ ಬಂದರೆ ಮೊದಲು ತನ್ನ ಮೇಲೆ ತನಗೇ ಅನುಮಾನ ಬರುತ್ತದೆ ಅನ್ನುವುದು ಗೊತ್ತಿತ್ತು. ಹಾಗೆ ಅನುಮಾನ ಹೊತ್ತುಕೊಂಡು ಒಬ್ಬಳೇ ಆ ಮನೆಯಲ್ಲಿ ಇರಲಾಗುವುದಿಲ್ಲ.

"ಮತ್ತೆ ಯಾರ್ದು ಕೊಡಾದು? ನಿಂದು..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ರಾಜಲಕ್ಷ್ಮಮ್ಮನಿಗೆ ಚೇತನ್ ಆದ ಮೇಲೆ, ಸ್ಪಂದನಾಳಿಗಿಂತ ಮೊದಲು ಹುಟ್ಟಿದ ಕೂಸು ಉಳಿದಿರಲಿಲ್ಲ. ಅವಳ ಸೀರೆಯೂ ಆಗುವುದಿಲ್ಲ. ರಾಜಲಕ್ಷ್ಮಮ್ಮ ಉಡಿದಾರವನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟಳು.

"ಪಾಪಕ್ಕನ ಕೇಳಾನ ನಡಿ," ಅಂತ ಈಶ್ವರಮ್ಮನೇ ಎದ್ದಳು.

ಪಾಪಕ್ಕ ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವವಳು. ಐದು ಮಕ್ಕಳು, ಐದೂ ಗಟ್ಟಿ, ಮೊಮ್ಮಕ್ಕಳ ಲೆಕ್ಕ ಅವಳಿಗೂ ತಪ್ಪುತ್ತಿತ್ತು. ಮನೆಯಂಗಳದ ಒಲೆ ಮುಂದೆ ಕೂತಿದ್ದವಳು ಇವರನ್ನು ಕಂಡು, "ಏಮಮ್ಮಾ, ಹೆಣ್ಣು ಕೇಳಾಕೆ ಬಂದಂಗೆ ಇಬ್ರೂ ಬಂದ್ಬುಟ್ರಲ್ಲ. ನನ್ನ ಧಾರೆ ಎರ್ಯಾಕೆ ನಮ್ಮಪ್ಪ ಇಲ್ಲ ಈಗ," ಅಂದಳು.

"ನಿಂದೊಂದು ಹಳೇ ಸೀರೆ ಬೇಕು ಪಾಪಕ್ಕ."

"ಉಟ್ಟಿರಾದೇ ಹಳೇದು. ಬಿಚ್ಲಾ?"

ವಿಷಯ ಹೇಳಿದಾಗ ಪಾಪಕ್ಕ ನಗು ನಿಲ್ಲಿಸಿ ಈಶ್ವರಮ್ಮನ ಮುಖ ನೋಡಿದಳು. ಒಳಗೆ ಹೋಗಿ ಕಂದುಬಣ್ಣದ ಒಂದು ಸೀರೆ ತಂದುಕೊಟ್ಟಳು. "ನಾನೇ ಹಿಂದೂಪುರ ದಾಟಿ ಹೋದೋಳಲ್ಲ, ನನ್ನ ಸೀರೆ ವಿಮಾನ ಹತ್ತತೈತಾ! ಕೂಸು ಕಡ್ಲೇಕಾಯಿ ಕಡ್ಲೇಕಾಯಿ ಅಂತ ಅತ್ರೆ ನನ್ನ ಕೇಳಬ್ಯಾಡ್ರಿ ಮತ್ತೆ."

ಸೀರೆಯಲ್ಲಿ ನಿಜವಾಗಿಯೂ ಒಲೆಯ ಹೊಗೆ ಕೂತಿತ್ತು. ಈಶ್ವರಮ್ಮ ಅದನ್ನು ಮತ್ತೆ ಮತ್ತೆ ಅಂಟುವಾಳದಲ್ಲಿ ಅದ್ದಿ, ಮೂಗಿಗೆ ಹಿಡಿದು ನೋಡಿ, ಮತ್ತೆ ಅದ್ದಿದಳು. ಒಣಗಿದ ಮೇಲೆ ಕೂಸನ್ನು ಎರಡು ಸುತ್ತು ಸುತ್ತುವಷ್ಟೇ ಹರಿದು, ಅಂಚನ್ನು ಅಷ್ಟೇ ಸಣ್ಣಗೆ ಕೈಯಲ್ಲಿ ಹೊಲಿದು ಗಂಟಿಗೆ ಸೇರಿಸಿದಳು. ಒಂದು ದಿನ ಉಳಿದು ಹೊರಟ ರಾಜಲಕ್ಷ್ಮಮ್ಮ ಬಸ್ಸಿನ ಕಿಟಕಿಯಿಂದ ಅವಳ ಕೈ ಹಿಡಿದು ಏನೋ ಹೇಳಲು ಹೋದಳು, ಬಸ್ಸು ಹೊರಟಿತು. ನೀಲಿ ತುಂಡು ಮಿಷನ್ನಿನ ಎಣ್ಣೆ ಒರೆಸಲು ಆಯಿತು.

ಕೂಸು ಹುಟ್ಟಿದ ಸುದ್ದಿ ಬಂದದ್ದು ಒಂದು ಮಧ್ಯಾಹ್ನ. ವಿಡಿಯೋ ಇಲ್ಲ, ಬರೀ ಮಾತು.

"ಅಕ್ಕಾ, ಹೆಣ್ಣು ಕಣಕ್ಕ! ಇಬ್ರೂ ಚೆಂದಾಗವ್ರೆ," ಅಂದಳು ರಾಜಲಕ್ಷ್ಮಮ್ಮ. "ಪಾಪಕ್ಕ ಎಲ್ಲವ್ಳೆ? ಒಸಿ ಅವ್ಳತ್ರ ಹೋಗಕ್ಕ. ಸೀರೆ ಕೊಟ್ಟೋಳಿಗೆ ಮೊದ್ಲು ತೋರಿಸ್ಬೇಕಲ್ಲ, ವಿಡಿಯೋ ಹಾಕ್ತೀನಿ."

"ಹೋಯ್ತೀನಿ ಇರು," ಅಂದಳು ಈಶ್ವರಮ್ಮ. ಚಪ್ಪಲಿ ಮೆಟ್ಟಿದಳು.

ಪಾಪಕ್ಕನ ಬಳಿ ಇದ್ದದ್ದು ಬಟನ್ ಫೋನು. ಕೈ ಬೇರೆ ಉಪ್ಪುನೀರು. "ಅಯ್ಯೋ, ನಂಗೆ ಹಿಡ್ಕಳಾಕೆ ಬರಾಕಿಲ್ಲ, ಬೀಳಿಸ್ಬುಟ್ಟೇನು," ಅಂತ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕೂದಲು ಒತ್ತಿಕೊಂಡು ನೆಟ್ಟಗೆ ಕೂತಳು. ಈಶ್ವರಮ್ಮ ಎದುರಿಗೆ ನಿಂತು ಫೋನಿನ ಮುಖವನ್ನು ಅವಳ ಕಡೆ ತಿರುಗಿಸಿ ಹಿಡಿದಳು.

"ಬಂತು, ಬಂತು! ಅಲೆಲೆಲೆ... ನನ್ನ ಸೀರೇಲಿ ಹೆಂಗೆ ಮಲಗವ್ಳೆ ನೋಡಮ್ಮಾ, ರಾಣಿಯಂಗೆ! ಮೂಗು ಯಾರ್ದೇ ಇದು?"

ಈಶ್ವರಮ್ಮನಿಗೆ ಕಾಣುತ್ತಿದ್ದದ್ದು ಪಾಪಕ್ಕನ ಮುಖ ಮಾತ್ರ. ಸ್ಪಂದನಾಳ ನಗು ಕೇಳಿಸಿತು, ಯಾವುದೋ ಯಂತ್ರದ ಸದ್ದು ಕೇಳಿಸಿತು. ಅದರ ನಡುವೆ ಇನ್ನೊಂದು ಪುಟ್ಟ ಸದ್ದು.

"ಬಿಕ್ಕಳಿಕೆ ಕಣವ್ವ ಅದು," ಅಂದುಬಿಟ್ಟಳು. "ಒಂದೆಳೆ ದಾರ ಒದ್ದೆ ಮಾಡಿ ಹಣೆಗೆ ಅಂಟಿಸು."

"ದೊಡ್ಡಮ್ಮಾ? ನೀವೂ ಇದ್ದೀರಾ? ಕಾಣ್ತಾನೇ ಇಲ್ಲ!"

"ಇವ್ನಿ ಕಣವ್ವ. ಫೋನು ಹಿಡ್ಕಂಡಿವ್ನಿ."

"ನೀನೂ ಬಾರಮ್ಮ ಈ ಕಡೀಕೆ," ಅಂತ ಪಾಪಕ್ಕ ಪಕ್ಕಕ್ಕೆ ಸರಿದಳು.

"ಹಿಡ್ಕಳಾರು ಯಾರು? ನೀನು ನೋಡು."

"ಅಕ್ಕಾ, ಒಸಿ ಮೇಲಕ್ಕೆತ್ತು," ಅಂತ ರಾಜಲಕ್ಷ್ಮಮ್ಮನ ದನಿ ಬಂತು. "ಪಾಪಕ್ಕನ ಹಣೆನೇ ಕಾಣ್ತಿಲ್ಲ."

ಈಶ್ವರಮ್ಮ ಫೋನನ್ನು ಎತ್ತಿ ಹಿಡಿದಳು. ಆ ಕಡೆ ಯಾರೋ ದಾರ ಹುಡುಕುತ್ತಿದ್ದರು. ಬಿಕ್ಕಳಿಕೆ ಇನ್ನೊಂದು ಸಲ ಬಂತು, ಸ್ವಲ್ಪ ತಡೆದು ಮತ್ತೊಂದು ಸಲ ಬಂತು, ಆಮೇಲೆ ನಿಂತಿತು.